ಮೂರು ವಾರ, ಎರಡು ದ್ವೀಪ: ಟ್ರಿನಿಡಾಡ್ ಮತ್ತು ಟೊಬೇಗೊ ಸುತ್ತುವ ಬಗೆ

ಎರಡೂ ದ್ವೀಪ ಕೂಡಿಸಿದರೆ 5,131 ಚದರ ಕಿಲೋಮೀಟರ್. ನಮ್ಮ ಕೊಡಗಿನ ಒಂದೂಕಾಲು ಪಟ್ಟು, ಅಷ್ಟೇ. ಇಷ್ಟು ಸಣ್ಣ ದೇಶಕ್ಕೆ ಮೂರು ವಾರ ಬೇಕಾ ಅಂತ ಮನೆಯಲ್ಲಿ ಕೇಳೇ ಕೇಳುತ್ತಾರೆ. ಆಗ ನಕ್ಷೆ ತೆಗೆದು ಟ್ರಿನಿಡಾಡಿನ ಉತ್ತರ ಅಂಚು ತೋರಿಸಿ. ಬ್ಲಾಂಶಿಸೂಸ್ ಅನ್ನುವ ಹಳ್ಳಿ ಒಂದು ಕಡೆ, ಮ್ಯಾಟಲಾಟ್ ಅನ್ನುವ ಹಳ್ಳಿ ಇನ್ನೊಂದು ಕಡೆ. ನಕ್ಷೆಯಲ್ಲಿ ನಡುವೆ ಎರಡು ಬೆರಳಗಲ ಜಾಗ. ಆದರೆ ಅಲ್ಲಿ ಕಾರು ಹೋಗುವ ರಸ್ತೆಯೇ ಇಲ್ಲ, ಬರೀ ಕಾಡು. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಬೆಟ್ಟ ದಾಟಿ ಅರೀಮಾಗೆ ಇಳಿದು, ಪೂರ್ವ ಕರಾವಳಿ ಹಿಡಿದು, ಟೋಕೊ ಮೂಲೆ ಸುತ್ತಿಕೊಂಡು ಬರಬೇಕು. ಅರ್ಧ ದಿನ ಅಲ್ಲೇ ಹೋಯಿತು.

ಈ ದೇಶದಲ್ಲಿ ಎಲ್ಲವೂ ಹೀಗೇ. ಹಕ್ಕಿ ಬರುವುದು ಸಂಜೆ, ಆಮೆ ಬರುವುದು ನಡುರಾತ್ರಿ, ಡಬಲ್ಸ್ ಅನ್ನುವ ಬೀದಿ ತಿಂಡಿ ಸಿಗುವುದು ಬೆಳಗ್ಗೆ, ದೋಣಿ ಹೊರಡುವುದು ಅದಕ್ಕೆ ಮನಸ್ಸು ಬಂದಾಗ. ಹತ್ತು ದಿನದಲ್ಲಿ ಓಡಿ ಮುಗಿಸಲು ಹೋದರೆ ಕಾರಿನ ಕಿಟಕಿ ಮಾತ್ರ ನೋಡಿ ಬರುತ್ತೀರಿ. ಅದಕ್ಕೇ ನನ್ನ ಲೆಕ್ಕ ಸುಲಭ: ಬಿಡಾರ ಕಡಿಮೆ, ದಿನ ಜಾಸ್ತಿ.

1. ಮೊದಲು ತಿಂಗಳು ಗಟ್ಟಿ ಮಾಡಿ

ಜನವರಿಯಿಂದ ಮೇವರೆಗೆ ಒಣ ಹವೆ. ಜೂನ್‌ನಿಂದ ಡಿಸೆಂಬರ್‌ವರೆಗೆ ಮಳೆ. ಈ ದ್ವೀಪಗಳು ಕೆರಿಬಿಯನ್ನಿನ ತೀರಾ ದಕ್ಷಿಣದಲ್ಲಿ, ವೆನೆಜುವೆಲಾದ ಮಗ್ಗುಲಲ್ಲೇ ಇವೆ. ಹಾಗಾಗಿ ದೊಡ್ಡ ಚಂಡಮಾರುತಗಳು ಸಾಮಾನ್ಯವಾಗಿ ಉತ್ತರಕ್ಕೆ ಸರಿದು ಹೋಗುತ್ತವೆ. ಸೆಕೆ ಮಾತ್ರ ವರ್ಷವಿಡೀ ನಮ್ಮ ಮಂಗಳೂರಿನದೇ.

ಆಮೇಲೆ ನಿಮಗೆ ಏನು ಮುಖ್ಯ ಅಂತ ಕೇಳಿಕೊಳ್ಳಿ. ಕಾರ್ನಿವಲ್ ಬೇಕಾ? ಅದು ಬೂದಿ ಬುಧವಾರದ ಹಿಂದಿನ ಸೋಮವಾರ, ಮಂಗಳವಾರ. 2027ರಲ್ಲಿ ಫೆಬ್ರವರಿ 8 ಮತ್ತು 9. ಸೋಮವಾರ ಬೆಳಗಿನ ಜಾವ ಕತ್ತಲಲ್ಲೇ ಮೈಗೆಲ್ಲ ಕೆಸರು, ಬಣ್ಣ ಬಳಿದುಕೊಂಡು ಕುಣಿಯುವ ಜೂವೇಯಿಂದ ಶುರು. ಆ ವಾರ ಕೋಣೆ ಬಾಡಿಗೆ ಕೇಳಬೇಡಿ, ತಲೆ ತಿರುಗುತ್ತದೆ. ಆರು ತಿಂಗಳು ಮುಂಚೆಯೇ ಹಿಡಿಯಬೇಕು. ಇನ್ನು ದೀಪಾವಳಿ ಅಲ್ಲಿ 1966ರಿಂದ ರಾಷ್ಟ್ರೀಯ ರಜೆ. ಹಳ್ಳಿಹಳ್ಳಿಯಲ್ಲಿ ಸೀಳಿದ ಬಿದಿರನ್ನು ಕಮಾನಿನ ಹಾಗೆ ಬಗ್ಗಿಸಿ ಅದರ ಮೇಲೆ ಹಣತೆ ಸಾಲು ಇಡುತ್ತಾರೆ. ನೋಡಲು ಚೆಂದ, ಆದರೆ ಮಳೆಗಾಲ.

ನನ್ನ ಕೇಳಿದರೆ ಏಪ್ರಿಲ್ ಮಧ್ಯದಿಂದ ಮೇ ಮೊದಲ ವಾರ. ಮಳೆ ಇನ್ನೂ ಹಿಡಿದಿರುವುದಿಲ್ಲ, ಆಮೆಗಳು ದಡಕ್ಕೆ ಬರುತ್ತಿರುತ್ತವೆ, ಕಾರ್ನಿವಲ್ ಬೆಲೆ ಇಳಿದಿರುತ್ತದೆ. ಈಸ್ಟರ್ ವಾರಾಂತ್ಯ ಮಾತ್ರ ತಪ್ಪಿಸಿ. ಆಗ ಟ್ರಿನಿಡಾಡಿನವರೆಲ್ಲ ಟೊಬೇಗೊಗೆ ಹೊರಡುತ್ತಾರೆ, ಹಡಗಿನಲ್ಲಿ ಸೀಟು ಸಿಗುವುದಿಲ್ಲ. ಅಥವಾ ಬೇಕಂತಲೇ ಅದೇ ವಾರ ಹೋಗಿ. ಈಸ್ಟರ್ ಭಾನುವಾರ ಕಳೆದ ಮಂಗಳವಾರ ಟೊಬೇಗೊದ ಬುಕೂ ಹಳ್ಳಿಯಲ್ಲಿ ಆಡಿನ ಓಟ ಇರುತ್ತದೆ. 1925ರಿಂದ ನಡೆಯುತ್ತಾ ಬಂದಿದೆ. ಜಾಕಿ ಆಡಿನ ಮೇಲೆ ಕೂರುವುದಿಲ್ಲ, ಹಗ್ಗ ಹಿಡಿದು ಹಿಂದೆ ಓಡುತ್ತಾನೆ. ಆಡು ಅಡ್ಡ ತಿರುಗಿದರೆ ಅವನ ಗತಿ ಅಷ್ಟೇ.

2. ಟಿಕೆಟ್‌ಗಿಂತ ಮುಂಚೆ ಸೂಜಿ

ಜಾಸ್ತಿ ಜನ ಎಡವುವುದು ಇಲ್ಲೇ, ಹಾಗಾಗಿ ನಿಧಾನ ಓದಿ.

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಪ್ರವಾಸಕ್ಕೆ 90 ದಿನದವರೆಗೆ ಟ್ರಿನಿಡಾಡ್ ವೀಸಾ ಬೇಡ. ಟಿಕೆಟ್ ತೆಗೆಯುವ ದಿನ ಇನ್ನೊಮ್ಮೆ ನೋಡಿಕೊಳ್ಳಿ, ನಿಯಮ ಬದಲಾಗುತ್ತಿರುತ್ತದೆ. ಆದರೆ ಭಾರತದಿಂದ ನೇರ ವಿಮಾನ ಇಲ್ಲ. ಲಂಡನ್, ನ್ಯೂಯಾರ್ಕ್, ಮಯಾಮಿ, ಟೊರಾಂಟೊ, ಇಲ್ಲಾ ಪನಾಮ ಹಾದು ಹೋಗಬೇಕು. ತೊಡಕು ಇರುವುದು ಈ ನಡುವಿನ ನಿಲ್ದಾಣದಲ್ಲಿ. ಅಮೆರಿಕದಲ್ಲಿ ವಿಮಾನ ಬದಲಿಸಲಿಕ್ಕೂ ವೀಸಾ ಬೇಕು. ಲಂಡನ್ನಿನಲ್ಲೂ ನಮ್ಮವರಿಗೆ ಸಾಮಾನ್ಯವಾಗಿ ಹಾದುಹೋಗುವ ವೀಸಾ ಕೇಳುತ್ತಾರೆ. ಅಮೆರಿಕದ್ದೋ ಕೆನಡಾದ್ದೋ ವೀಸಾ ಇದ್ದವರಿಗೆ ವಿನಾಯಿತಿ ಉಂಟು. ಅಗ್ಗದ ಟಿಕೆಟ್ ಅಂತ ಕೊಂಡು ಆಮೇಲೆ ವೀಸಾಕ್ಕೆ ಓಡಾಡಿದರೆ ಉಳಿತಾಯ ಎಲ್ಲ ಹೋಯಿತು. ನಿಮ್ಮ ಹತ್ತಿರ ಈಗಾಗಲೇ ಯಾವ ವೀಸಾ ಇದೆಯೋ ಆ ದಾರಿಯನ್ನೇ ಹಿಡಿಯಿರಿ.

ಎರಡನೆಯದು ಹಳದಿ ಜ್ವರದ ಲಸಿಕೆ. ಟ್ರಿನಿಡಾಡ್ ನಿಮ್ಮನ್ನು ಕೇಳುವುದಿಲ್ಲ. ಕೇಳುವುದು ನಮ್ಮದೇ ಸರ್ಕಾರ, ವಾಪಸ್ ಬಂದಾಗ. ಹಳದಿ ಜ್ವರದ ಅಪಾಯ ಇರುವ ದೇಶಗಳ ಭಾರತದ ಪಟ್ಟಿಯಲ್ಲಿ ಟ್ರಿನಿಡಾಡ್ ಇದೆ. ಕಾರ್ಡ್ ಇಲ್ಲದೆ ಬೆಂಗಳೂರಿಗೆ ಬಂದಿಳಿದರೆ ಆರು ದಿನದವರೆಗೆ ಪ್ರತ್ಯೇಕ ಇಡುವ ಅಧಿಕಾರ ಅವರಿಗಿದೆ. ಲಸಿಕೆ ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ, ದಿನ ಗೊತ್ತುಮಾಡಿಕೊಂಡು ಹೋಗಬೇಕು. ಹಾಕಿಸಿಕೊಂಡ ಹತ್ತು ದಿನದ ಮೇಲೆ ಕಾರ್ಡ್ ಊರ್ಜಿತವಾಗುತ್ತದೆ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ವಯಸ್ಸಾದವರು, ಗರ್ಭಿಣಿಯರು, ಮೊಟ್ಟೆ ಅಲರ್ಜಿ ಇರುವವರು ಮೊದಲು ಡಾಕ್ಟರನ್ನು ಕೇಳಿ.

ಬಟ್ಟೆ ಕಟ್ಟುವಾಗ ಒಂದು ಮಾತು. ಮಿಲಿಟರಿ ಹಸಿರು ಮಚ್ಚೆಯ ಪ್ಯಾಂಟು, ಟೋಪಿ, ಚೀಲ ಯಾವುದೂ ಬೇಡ. ಅಲ್ಲಿ ಸಾಮಾನ್ಯ ಜನ ಅದನ್ನು ತೊಡುವುದು ಕಾನೂನು ಪ್ರಕಾರ ಅಪರಾಧ, ಮಕ್ಕಳಿಗೂ ಸೇರಿ. ಕರೆಂಟು 115 ವೋಲ್ಟ್, ಅಮೆರಿಕದ ಚಪ್ಪಟೆ ಪಿನ್ನು. ಮೊಬೈಲ್ ಚಾರ್ಜರ್ ನಡೆಯುತ್ತದೆ, ನಮ್ಮ ಕೆಟಲ್ ನಡೆಯುವುದಿಲ್ಲ.

3. ನಾಲ್ಕು ಬಿಡಾರ

ಇಪ್ಪತ್ತೊಂದು ದಿನ ಇದೆ ಅಂತ ಇಟ್ಟುಕೊಳ್ಳಿ. ನಾನು ಹೀಗೆ ಹಂಚುತ್ತೇನೆ: ರಾಜಧಾನಿ ಪೋರ್ಟ್ ಆಫ್ ಸ್ಪೇನ್ ಆರು ರಾತ್ರಿ, ಮಧ್ಯ-ದಕ್ಷಿಣ ಟ್ರಿನಿಡಾಡ್ ಮೂರು, ಆಮೆ ಬರುವ ಗ್ರಾಂಡ್ ರಿವಿಯೇರ್ ಎರಡು, ಟೊಬೇಗೊ ಎಂಟು, ಕೊನೆಗೆ ಟ್ರಿನಿಡಾಡಿನಲ್ಲಿ ಒಂದು. ಉಳಿದ ಒಂದು ದಿನ ಮಳೆಗೋ, ಹೊಟ್ಟೆ ಕೆಟ್ಟರೆ ಅದಕ್ಕೋ.

4. ಪೋರ್ಟ್ ಆಫ್ ಸ್ಪೇನ್

ವುಡ್‌ಬ್ರೂಕ್ ಇಲ್ಲವೇ ಸೇಂಟ್ ಜೇಮ್ಸ್ ಕಡೆ ಕೋಣೆ ನೋಡಿ. ಊಟ ಹತ್ತಿರ, ಟ್ಯಾಕ್ಸಿ ಸುಲಭ. ಸೇಂಟ್ ಜೇಮ್ಸ್‌ನಲ್ಲಿ ಬೀದಿಗಳ ಹೆಸರು ಓದಿಕೊಂಡು ನಡೆಯಿರಿ: ಪಾಟ್ನಾ, ಲಕ್ನೋ, ಡೆಲ್ಲಿ, ಬಾಂಬೆ, ಬೆಂಗಾಲ್. 1845ರ ಮೇ 30ರಂದು ಫಾತೆಲ್ ರಜಾಕ್ ಅನ್ನುವ ಹಡಗು ಕಲ್ಕತ್ತದಿಂದ ಇನ್ನೂರಕ್ಕೂ ಹೆಚ್ಚು ಕೂಲಿಯಾಳುಗಳನ್ನು ಇಲ್ಲಿ ಇಳಿಸಿತು. 1917ರವರೆಗೆ ಹೀಗೆ ಕಬ್ಬಿನ ತೋಟಕ್ಕೆ ಬಂದವರು ಸುಮಾರು 1.44 ಲಕ್ಷ. ಹೆಚ್ಚಿನವರು ಭೋಜಪುರಿ ಸೀಮೆಯವರು, ಸ್ವಲ್ಪ ಜನ ಮದ್ರಾಸಿನಿಂದ ಹೊರಟವರು. ಹಾಗಾಗಿ ತಂದೆಯ ತಾಯಿಗೆ ಅಲ್ಲಿ ಈಗಲೂ ‘ಆಜಿ’ ಅನ್ನುತ್ತಾರೆ. ಕಿವಿಗೆ ಬಿದ್ದರೆ ನಮ್ಮ ಮನೆಯಲ್ಲೇ ಯಾರೋ ಕರೆದ ಹಾಗೆ.

ಕ್ರಿಕೆಟ್ ನೋಡುವವರು ವುಡ್‌ಬ್ರೂಕ್ ಪಕ್ಕದಲ್ಲೇ ಇರುವ ಕ್ವೀನ್ಸ್ ಪಾರ್ಕ್ ಓವಲ್‌ಗೆ ಒಂದು ಗಂಟೆ ಕೊಡಲೇಬೇಕು. 1976ರ ಏಪ್ರಿಲ್‌ನಲ್ಲಿ ಭಾರತ 403 ರನ್ ಬೆನ್ನಟ್ಟಿ ಗೆದ್ದದ್ದು ಇದೇ ಮೈದಾನದಲ್ಲಿ. ಮೊದಲ ಇನಿಂಗ್ಸ್‌ನಲ್ಲಿ ನಮ್ಮ ಚಂದ್ರಶೇಖರ್ ಆರು ವಿಕೆಟ್ ಕಿತ್ತರು. ಕೊನೆಯ ದಿನ ನಮ್ಮ ವಿಶಿ 112 ಹೊಡೆದರು. ಗೆಲುವಿನ ಹೊತ್ತಿಗೆ 49 ರನ್ ಮಾಡಿ ಔಟಾಗದೆ ನಿಂತಿದ್ದವರು ಬ್ರಿಜೇಶ್ ಪಟೇಲ್. 2007ರ ವಿಶ್ವಕಪ್‌ನಲ್ಲಿ ದ್ರಾವಿಡ್ ಪಡೆ ಇಲ್ಲೇ ಬಾಂಗ್ಲಾದೇಶಕ್ಕೆ ಸೋತಿತು, ಆ ವಿಷಯ ಬಿಡಿ.

ಒಂದು ದಿನ ಮರಾಕಸ್ ಕಡಲತೀರಕ್ಕೆ. ಬೆಟ್ಟದ ದಾರಿ ತುಂಬ ಚೆನ್ನಾಗಿದೆ. ಅಲೆ ಜೋರು, ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಿರಿ. ಒಂದು ಸಂಜೆ ಪ್ಯಾನ್‌ಯಾರ್ಡ್‌ಗೆ, ಅಂದರೆ ವಾದ್ಯತಂಡಗಳು ತಾಲೀಮು ಮಾಡುವ ಅಂಗಳಕ್ಕೆ. ಎಣ್ಣೆ ಡ್ರಮ್ಮಿನ ತಳ ಬಡಿದು ಬಡಿದು ಮಾಡಿದ ಸ್ಟೀಲ್‌ಪ್ಯಾನ್ ಇಲ್ಲಿ ಹುಟ್ಟಿದ ವಾದ್ಯ, 1992ರಿಂದ ರಾಷ್ಟ್ರವಾದ್ಯ. ಕಾರ್ನಿವಲ್‌ಗೆ ಮುಂಚಿನ ವಾರಗಳಲ್ಲಾದರೆ ರಾತ್ರಿ ತಾಲೀಮು ಸುಮ್ನೆ ಹೋಗಿ ನಿಂತು ಕೇಳಬಹುದು. ಬೇರೆ ತಿಂಗಳಲ್ಲಿ ಮನೆ ಮಾಲೀಕರನ್ನು ಕೇಳಿಕೊಂಡು ಹೋಗಿ.

ಇನ್ನೊಂದು ಸಂಜೆ ಕರೋನಿ ಜೌಗು. ಇದನ್ನು ಬಿಡಬೇಡಿ. ದೋಣಿ ನಾಲ್ಕು ಗಂಟೆ ಹೊತ್ತಿಗೆ ಹೊರಡುತ್ತದೆ. ಕಾಂಡ್ಲಾ ಗಿಡಗಳ ಬೇರಿನ ನಡುವೆ ಕಿರಿದಾದ ಕಾಲುವೆ, ತಲೆ ಮೇಲಿನ ಕೊಂಬೆಯಲ್ಲಿ ಸುರುಳಿ ಸುತ್ತಿ ಮಲಗಿದ ಹಾವು. ಆಮೇಲೆ ನೀರು ಅಗಲವಾಗುತ್ತದೆ, ದೋಣಿಯವರು ಎಂಜಿನ್ ನಿಲ್ಲಿಸುತ್ತಾರೆ. ಎದುರಿಗೆ ಹಸಿರು ಗಿಡಗಳ ದ್ವೀಪ. ಮೊದಲು ಎರಡು ಕೆಂಪು ಚುಕ್ಕೆ. ಆಮೇಲೆ ಹತ್ತು. ಬೆಳಕು ಇಳಿಯುತ್ತಿದ್ದ ಹಾಗೆ ಸಾಲುಸಾಲಾಗಿ ಬಂದು ಕೂರುತ್ತವೆ, ಗಿಡಕ್ಕೆ ಹೂ ಬಿಟ್ಟ ಹಾಗೆ. ಇದು ಕಡುಗೆಂಪು ಐಬಿಸ್, ಟ್ರಿನಿಡಾಡಿನ ರಾಷ್ಟ್ರಪಕ್ಷಿ. ಮರಿ ಹುಟ್ಟುವಾಗ ಕಪ್ಪು. ಏಡಿ ಸಿಗಡಿ ತಿಂದು ತಿಂದು ಕೆಂಪಾಗುತ್ತದೆ. ದೂರದಿಂದಲೇ ನೋಡಬೇಕು, ಹಾಗಾಗಿ ದುರ್ಬೀನು ತನ್ನಿ. ಸೊಳ್ಳೆ ಮುಲಾಮು ಮರೆತರೆ ನಿಮ್ಮ ಕಾಲೂ ಅದೇ ಬಣ್ಣ.

5. ಮಧ್ಯ ಮತ್ತು ದಕ್ಷಿಣ

ಚಗ್ವಾನಸ್ ಅಥವಾ ಸ್ಯಾನ್ ಫರ್ನಾಂಡೊದಲ್ಲಿ ಉಳಿಯಿರಿ. ಪೋರ್ಟ್ ಆಫ್ ಸ್ಪೇನ್‌ನಿಂದ ಸ್ಯಾನ್ ಫರ್ನಾಂಡೊಗೆ ವಾಟರ್ ಟ್ಯಾಕ್ಸಿ ದೋಣಿ ಇದೆ, ಸುಮಾರು ಮುಕ್ಕಾಲು ಗಂಟೆ. ಹೆದ್ದಾರಿಯ ಟ್ರಾಫಿಕ್‌ಗಿಂತ ಎಷ್ಟೋ ವಾಸಿ.

ವಾಟರ್‌ಲೂ ಹಳ್ಳಿಯ ಕಡಲ ಗುಡಿಗೆ ಬೆಳಗ್ಗೆ ಹೋಗಿ. ಶಿವದಾಸ್ ಸಾಧು ಅನ್ನುವ ಕಬ್ಬಿನ ಗದ್ದೆಯ ಕೂಲಿಯವರು 1947ರಲ್ಲಿ ದಡದ ಮೇಲೆ ಒಂದು ಗುಡಿ ಕಟ್ಟಿದರು. ಜಾಗ ಸಕ್ಕರೆ ಕಂಪನಿಯದು. 1952ರಲ್ಲಿ ಗುಡಿ ಕೆಡವಿ, ಇವರನ್ನು ಹದಿನಾಲ್ಕು ದಿನ ಜೈಲಿಗೆ ಹಾಕಿದರು. ನೆಲ ಕೊಡದಿದ್ದರೆ ಸಮುದ್ರ ಇದೆಯಲ್ಲ ಅಂತ ಅವರು ಬಕೆಟ್‌ನಲ್ಲಿ ಕಲ್ಲು, ಸಿಮೆಂಟು ತುಂಬಿ ಸೈಕಲ್ಲಿಗೆ ತೂಗುಹಾಕಿಕೊಂಡು ನೀರಿನೊಳಗೆ ದಾರಿ ಹಾಕಲು ಶುರು ಮಾಡಿದರು. ಸುಮಾರು ಇಪ್ಪತ್ತೈದು ವರ್ಷ ಅದೇ ಕೆಲಸ. ಈಗಿನ ಗುಡಿ 1995ರಲ್ಲಿ ಮತ್ತೆ ಕಟ್ಟಿದ್ದು. ಪಕ್ಕದ ದಡದಲ್ಲೇ ಸುಡುಗಾಡು ಇದೆ. ಚಿತೆ ಉರಿಯುತ್ತಿದ್ದರೆ ಕ್ಯಾಮೆರಾ ಚೀಲದಲ್ಲಿಡಿ.

ಅಲ್ಲಿಂದ ಸ್ವಲ್ಪ ದೂರ ಕರಪಿಚೈಮಾ. 85 ಅಡಿಯ ಹನುಮಂತ ದೂರದಿಂದಲೇ ಕಾಣುತ್ತಾನೆ. ಆ ದತ್ತಾತ್ರೇಯ ದೇವಸ್ಥಾನ ಮೈಸೂರಿನ ಅವಧೂತ ದತ್ತ ಪೀಠದ್ದು. ಗಣಪತಿ ಸಚ್ಚಿದಾನಂದ ಸ್ವಾಮೀಜಿ 2003ರಲ್ಲಿ ಮೂರ್ತಿ ಪ್ರತಿಷ್ಠೆ ಮಾಡಿದರು. ಭೂಮಿಯ ಇನ್ನೊಂದು ಮಗ್ಗುಲಿನಲ್ಲಿ ದಕ್ಷಿಣದ ಶೈಲಿಯ ಗುಡಿಯ ಮುಂದೆ ಚಪ್ಪಲಿ ಬಿಡುವಾಗ ಒಂಥರಾ ಅನಿಸುತ್ತದೆ.

ಇನ್ನೊಂದು ದಿನ ಲಾ ಬ್ರೇಯ ಪಿಚ್ ಲೇಕ್. ಕೆರೆ ಅಂದರೆ ನೀರಲ್ಲ, ಡಾಂಬರು. ಸುಮಾರು ನೂರು ಎಕರೆ. ನೋಡಲು ಹಳೇ ಪಾರ್ಕಿಂಗ್ ಜಾಗದ ಹಾಗಿದೆ ಅಂತ ಕೆಲವರು ಮೂಗು ಮುರಿಯುತ್ತಾರೆ. ಆದರೆ ನಡೆದು ನೋಡಿ: ಕಾಲಡಿ ಆನೆ ಚರ್ಮದ ಹಾಗೆ ಸುಕ್ಕು, ಒಂದು ಜಾಗದಲ್ಲೇ ನಿಂತರೆ ನಿಧಾನಕ್ಕೆ ಒಳಗಿಳಿಯುತ್ತದೆ. 1595ರಲ್ಲಿ ಇಂಗ್ಲಿಷ್ ನಾವಿಕ ವಾಲ್ಟರ್ ರಾಲಿ ತನ್ನ ಹಡಗಿನ ಬಿರುಕಿಗೆ ಇದನ್ನೇ ಮೆತ್ತಿಸಿದ. ಎಲ್ಲೆಂದರಲ್ಲಿ ಹೆಜ್ಜೆ ಇಟ್ಟರೆ ಶೂ ಅಲ್ಲೇ. ಕಚೇರಿಯಲ್ಲಿ ಟಿಕೆಟ್ ತೆಗೆದು ಅಲ್ಲಿಯ ಗೈಡ್ ಜೊತೆಗೇ ಹೋಗಿ, ಗೇಟಿನಲ್ಲಿ ಕೈ ಹಿಡಿದು ಎಳೆಯುವವರ ಹಿಂದೆ ಬೇಡ.

6. ಗ್ರಾಂಡ್ ರಿವಿಯೇರ್, ನಡುರಾತ್ರಿ

ಪೋರ್ಟ್ ಆಫ್ ಸ್ಪೇನ್‌ನಿಂದ ಮೂರು ಗಂಟೆ ದಾರಿ, ಕೊನೆಯ ಭಾಗ ತಿರುವೋ ತಿರುವು. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಲೆದರ್‌ಬ್ಯಾಕ್ ಆಮೆಗಳು ಇಲ್ಲಿ ಮೊಟ್ಟೆ ಇಡಲು ಬರುತ್ತವೆ. ರಾತ್ರಿ ದಡಕ್ಕೆ ಹೋಗಲು ಅರಣ್ಯ ಇಲಾಖೆಯ ಪರವಾನಗಿ ಬೇಕು. ಉಳಿಯುವ ಜಾಗದವರಿಗೆ ಮೊದಲೇ ಹೇಳಿದರೆ ಗೈಡ್ ಸಮೇತ ಏರ್ಪಾಡು ಮಾಡುತ್ತಾರೆ. ಕೆಂಪು ದೀಪ ಬಿಟ್ಟು ಬೇರೆ ಬೆಳಕು ಹಾಕುವಂತಿಲ್ಲ. ಫ್ಲ್ಯಾಶ್ ಅಂತೂ ಬೇಡವೇ ಬೇಡ.

ಕತ್ತಲಲ್ಲಿ ಮೊದಲು ಕೇಳುವುದು ಉಸಿರು. ದಪ್ಪನೆಯ ನಿಟ್ಟುಸಿರು. ಆಮೇಲೆ ಗೊತ್ತಾಗುತ್ತದೆ, ಬಂಡೆ ಅಂದುಕೊಂಡದ್ದು ಬಂಡೆಯಲ್ಲ. ಹಿಂಗಾಲನ್ನು ಸೌಟಿನ ಹಾಗೆ ಮಡಚಿ ಒಂದೊಂದೇ ಮೊಗೆ ಮರಳು ತೆಗೆದು ಪಕ್ಕಕ್ಕೆ ಇಡುತ್ತದೆ, ಗುಂಡಿಯನ್ನು ಒಮ್ಮೆಯೂ ನೋಡದೆ. ಒಂದು ರಾತ್ರಿ ಸಾಕು ಅನಿಸಬಹುದು, ಎರಡು ಇಟ್ಟುಕೊಳ್ಳಿ. ಮಳೆ ಬಂದರೆ, ನಿದ್ದೆ ಗೆದ್ದರೆ ಇನ್ನೊಂದು ಅವಕಾಶ ಇರಲಿ.

7. ಟೊಬೇಗೊ

ವಿಮಾನದಲ್ಲಿ ಅರ್ಧ ಗಂಟೆಯೂ ಇಲ್ಲ. ಹಡಗಿನಲ್ಲಿ ಪೋರ್ಟ್ ಆಫ್ ಸ್ಪೇನ್‌ನಿಂದ ಸ್ಕಾರ್ಬರೋಗೆ ನಾಲ್ಕು ಗಂಟೆ ಹತ್ತಿರ, ದರ ತೀರಾ ಕಡಿಮೆ. ಆದರೆ ಕೊಲ್ಲಿ ದಾಟಿ ಹೊರಗಿನ ಸಮುದ್ರಕ್ಕೆ ಬಿದ್ದ ಮೇಲೆ ಹಡಗು ಚೆನ್ನಾಗಿ ಹೊಯ್ದಾಡುತ್ತದೆ. ಘಾಟಿ ರಸ್ತೆಯಲ್ಲಿ ವಾಂತಿ ಮಾಡುವವರು ಮಾತ್ರೆ ನುಂಗಿ ಹತ್ತಿ, ಇಲ್ಲಾ ವಿಮಾನ ಹಿಡಿಯಿರಿ. ನನ್ನ ಸಲಹೆ: ಹೋಗುವಾಗ ಹಡಗು, ಬರುವಾಗ ವಿಮಾನ.

ಐದು ರಾತ್ರಿ ಕಸ್ಟಾರಾದಲ್ಲಿ, ಮೂರು ಕ್ರೌನ್ ಪಾಯಿಂಟ್‌ನಲ್ಲಿ. ಜಾಸ್ತಿ ಜನ ತಿರುಗಾಮುರುಗಾ ಮಾಡುತ್ತಾರೆ, ವಿಮಾನ ಇಳಿದ ಕಡೆಯೇ ಎಂಟೂ ದಿನ. ಕಸ್ಟಾರಾ ಮೀನುಗಾರರ ಹಳ್ಳಿ. ಬಲೆ ಎಳೆಯುವುದನ್ನು ನೋಡಿದರೆ ಕರಾವಳಿಯವರಿಗೆ ಕೈರಂಪಣಿ ನೆನಪಾಗುತ್ತದೆ. ಸಮುದ್ರದಲ್ಲಿ ಅರ್ಧ ಸುತ್ತು ಬಲೆ ಬಿಟ್ಟು, ದಡದಲ್ಲಿ ನಿಂತು ಎರಡೂ ತುದಿ ಎಳೆಯುತ್ತಾರೆ. ನೀವೂ ಹಗ್ಗಕ್ಕೆ ಕೈ ಹಚ್ಚಿ, ಯಾರೂ ಬೇಡ ಅನ್ನುವುದಿಲ್ಲ.

ಅಲ್ಲಿಂದ ಮೇನ್ ರಿಜ್ ಕಾಡು ಹತ್ತಿರ. 1776ರಲ್ಲೇ ಕಾನೂನು ಮಾಡಿ ಕಾದಿಟ್ಟ ಕಾಡಿದು. ಕಾಡು ಹೋದರೆ ಮಳೆ ಹೋಗುತ್ತದೆ, ಮಳೆ ಹೋದರೆ ಕಬ್ಬು ಹೋಗುತ್ತದೆ ಅನ್ನುವ ಲೆಕ್ಕಾಚಾರ. 1963ರ ಫ್ಲೋರಾ ಚಂಡಮಾರುತ ಇದನ್ನು ಮಲಗಿಸಿಬಿಟ್ಟಿತ್ತು. ಇಲ್ಲಿಯ ಬಿಳಿಬಾಲದ ಝೇಂಕಾರದ ಹಕ್ಕಿಯ (ಹಮ್ಮಿಂಗ್‌ಬರ್ಡ್) ಸಂತತಿಯೇ ಮುಗಿಯಿತು ಅಂದುಕೊಂಡಿದ್ದರು; 1974ರಲ್ಲಿ ಮತ್ತೆ ಕಂಡಿತು. ಗಿಲ್ಪಿನ್ ಟ್ರೇಸ್ ಕಾಲುದಾರಿಗೆ ಗೈಡ್ ಜೊತೆ ಹೋಗಿ, ಕೆಸರಿಗೆ ಗಂಬೂಟು ಬೇಕು.

ಕ್ರೌನ್ ಪಾಯಿಂಟ್ ಕಡೆಯ ದಿನಗಳು ಪಿಜನ್ ಪಾಯಿಂಟ್ ಮರಳಿಗೆ, ಗಾಜಿನ ತಳದ ದೋಣಿಯಲ್ಲಿ ಬುಕೂ ಹವಳದ ದಿಬ್ಬಕ್ಕೆ. ಹವಳದ ಮೇಲೆ ಕಾಲಿಡಬೇಡಿ. ಕೆಲವು ತೀರಗಳಲ್ಲಿ ಮ್ಯಾಂಚಿನೀಲ್ ಅನ್ನುವ ಮರ ಇರುತ್ತದೆ, ಸಣ್ಣ ಹಸಿರು ಸೇಬಿನಂಥ ಕಾಯಿ. ತಿಂದರೆ ವಿಷ. ಮಳೆಯಲ್ಲಿ ಅದರ ಕೆಳಗೆ ನಿಂತರೂ ಮೈ ಬೊಬ್ಬೆ ಏಳುತ್ತದೆ.

8. ಓಡಾಟ, ಕಾಸು, ಜಾಗ್ರತೆ

ಗಾಡಿ ಓಡಿಸುವುದು ಎಡಕ್ಕೆ, ನಮ್ಮ ಹಾಗೇ. ಕಾರು ಬಾಡಿಗೆಗೆ ಹಿಡಿಯುವುದಾದರೆ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡು ಹೋಗಿ. ಇಪ್ಪತ್ತೊಂದು ದಿನವೂ ಕಾರು ಬೇಡ. ಗ್ರಾಂಡ್ ರಿವಿಯೇರ್‌ಗೆ ಮತ್ತು ಟೊಬೇಗೊಗೆ ಸಾಕು. ಉಳಿದಂತೆ ಮ್ಯಾಕ್ಸಿ ಟ್ಯಾಕ್ಸಿ ಇದೆ, ನಮ್ಮ ಟೆಂಪೊ ಟ್ರಾವೆಲರ್ ಥರದ್ದು, ಗೊತ್ತಾದ ದಾರಿಯಲ್ಲಿ ಓಡುತ್ತದೆ. ಹತ್ತಿದ ಕೂಡಲೆ ಎಲ್ಲರಿಗೂ ಸೇರಿಸಿ ‘ಗುಡ್ ಮಾರ್ನಿಂಗ್’ ಹೇಳುವುದು ಅಲ್ಲಿಯ ರೂಢಿ. ಸಂಜೆ ಸಿಕ್ಕವರಿಗೆ ‘ಗುಡ್ ನೈಟ್’ ಅಂದರೆ ಹೊರಟೆ ಅಂತಲ್ಲ, ಅದೇ ನಮಸ್ಕಾರ. ಹಂಚಿಕೊಂಡು ಹೋಗುವ ಕಾರುಗಳ ನಂಬರ್ ಪ್ಲೇಟು ‘ಎಚ್’ನಿಂದ ಶುರುವಾಗುತ್ತದೆ. ‘ಪಿ’ ಇದ್ದರೆ ಅದು ಖಾಸಗಿ ಕಾರು, ಹತ್ತಬೇಡಿ.

ಒಂದು ಅಮೆರಿಕನ್ ಡಾಲರಿಗೆ ಸುಮಾರು 6.7 ಟ್ರಿನಿಡಾಡ್ ಡಾಲರ್. ಕೈಯಲ್ಲಿ ಸ್ವಲ್ಪ ಅಮೆರಿಕನ್ ನೋಟು ಇರಲಿ. ಹಳ್ಳಿ ಕಡೆ ಎಟಿಎಂ ನಂಬಬೇಡಿ.

ಕಳ್ಳತನ, ಗುಂಪು ಹೊಡೆದಾಟ ಅಲ್ಲಿ ನಿಜವಾದ ಸಮಸ್ಯೆ. 2024ರ ಕೊನೆಯಲ್ಲಿ ತುರ್ತು ಪರಿಸ್ಥಿತಿಯನ್ನೇ ಘೋಷಿಸಿದ್ದರು. ಹೊರಡುವ ವಾರ ಸರ್ಕಾರದ ಪ್ರವಾಸ ಸೂಚನೆ ಓದಿ. ರಾಜಧಾನಿಯಲ್ಲಿ ಕತ್ತಲಾದ ಮೇಲೆ ನಡೆದು ತಿರುಗಬೇಡಿ, ಚಿನ್ನದ ಸರ ಮನೆಯಲ್ಲೇ ಬಿಟ್ಟು ಬನ್ನಿ. ಪೊಲೀಸ್ 999, ಆಂಬುಲೆನ್ಸ್ 811.

9. ಹೊಟ್ಟೆ ಪಾಡು

ಸಸ್ಯಾಹಾರಿಗಳಿಗೆ ಕೆರಿಬಿಯನ್ನಿನಲ್ಲಿ ಇದಕ್ಕಿಂತ ಒಳ್ಳೆ ದೇಶ ಸಿಗಲಿಕ್ಕಿಲ್ಲ. ಬೆಳಗ್ಗೆ ರಸ್ತೆ ಬದಿಯಲ್ಲಿ ಡಬಲ್ಸ್. ಅರಿಸಿನ ಹಾಕಿ ಕರಿದ ಎರಡು ಮೆತ್ತನೆ ಬಾರಾ, ಅಂದರೆ ಪೂರಿ ಥರದ್ದು, ಮೇಲೆ ಕಡಲೆ ಪಲ್ಯ, ಹುಣಸೆ ಚಟ್ನಿ, ಸೌತೆಕಾಯಿ. ಕಾಗದದ ಮೇಲೆ ಪಟಪಟ ಹಾಕಿ, ತುದಿ ತಿರುಚಿ ಕೈಗಿಡುತ್ತಾರೆ. ನಿಂತೇ ತಿನ್ನಬೇಕು, ಎಷ್ಟು ತಿಂದಿರಿ ಅಂತ ನೀವೇ ಲೆಕ್ಕ ಹೇಳಿ ಕೊನೆಗೆ ದುಡ್ಡು ಕೊಡಬೇಕು. ಖಾರ ಎಷ್ಟು ಅಂತ ಕೇಳಿದಾಗ ‘ಸ್ಲೈಟ್’ ಅನ್ನಿ. ನಾವು ಗುಂಟೂರು ಮೆಣಸಿನಕಾಯಿ ಕಂಡವರು ಅಂತ ನಾನು ಜಂಬಕ್ಕೆ ಜಾಸ್ತಿ ಹಾಕಿಸಿಕೊಂಡೆ. ಕಾಲು ಗಂಟೆ ಮಾತು ಹೊರಡಲಿಲ್ಲ. ಮೊರೂಗಾ ಸ್ಕಾರ್ಪಿಯನ್ ಮೆಣಸಿನಕಾಯಿಯ ತವರು ಅದು, ಅಲ್ವಾ?

ಸಹೀನಾ ಕೇಳಿ ತಿನ್ನಿ: ಕೆಸುವಿನ ಎಲೆಗೆ ಬೇಳೆ ಹಿಟ್ಟು ಬಳಿದು ಸುತ್ತಿ ಕರಿದದ್ದು. ಪತ್ರೊಡೆಯ ದೂರದ ನೆಂಟ. ಬೈಗನ್ ಚೋಕಾ ಅಂದರೆ ಸುಟ್ಟ ಬದನೆಕಾಯಿ ಗೊಜ್ಜು, ಸಾದಾ ರೊಟ್ಟಿ ಜೊತೆ. ಕಲಾಲೂ ಅನ್ನುವ ಸೊಪ್ಪಿನ ಸಾರಿನಲ್ಲಿ ಮಾತ್ರ ಏಡಿಯೋ ಹಂದಿಬಾಲವೋ ಇರಬಹುದು, ಕೇಳಿಕೊಂಡು ತಿನ್ನಿ.

10. ಕೊನೆಯ ರಾತ್ರಿ

ಟೊಬೇಗೊದಿಂದ ಅದೇ ದಿನ ಬಂದು ಲಂಡನ್ ವಿಮಾನ ಹಿಡಿಯುತ್ತೇನೆ ಅನ್ನುವ ಸಾಹಸ ಬೇಡ. ಹಡಗು ರದ್ದಾಗುತ್ತದೆ, ಸಣ್ಣ ವಿಮಾನ ತಡವಾಗುತ್ತದೆ. ಹಿಂದಿನ ದಿನವೇ ಬಂದು ಪಿಯಾರ್ಕೊ ವಿಮಾನ ನಿಲ್ದಾಣದ ಹತ್ತಿರ ಟುನಾಪುನಾ ಕಡೆ ಉಳಿಯಿರಿ. ಸಂಜೆ ಸಾಮಾನು ಕಟ್ಟುವಾಗ ಪೆಪ್ಪರ್ ಸಾಸ್ ಬಾಟಲಿ ದೊಡ್ಡ ಚೀಲಕ್ಕೆ, ಹಳದಿ ಜ್ವರದ ಕಾರ್ಡ್ ಕೈಚೀಲಕ್ಕೆ. ಅದಲುಬದಲಾದರೆ ಬಾಟಲಿ ಪಿಯಾರ್ಕೊದಲ್ಲೇ ಉಳಿಯುತ್ತದೆ, ನೀವು ಬೆಂಗಳೂರಿನ ಕೌಂಟರಿನಲ್ಲಿ.